ಮುಂದ ಏನ್ ಮಾಡಾಂವಪಾ?

ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಕಾಲೇಜು ಹುಡುಗನೊಬ್ಬ ಊರವರ ಕೈಗೆ ಸಿಕ್ಕರೆ ಅವರು ಕೇಳುವುದು ಎರಡೇ ಪ್ರಶ್ನೆ. ಒಂದು, “ಅಪ್ಪ ಆರಾಮದಾನೇನೋ ತಮ್ಮಾ?” ಇನ್ನೊಂದು, “ಮುಂದ ಏನ್ ಮಾಡಾಂವಪಾ?”

ಮೊದಲನೆಯದಕ್ಕೆ ಉತ್ತರ ಸರಾಗ. ಎರಡನೆಯದು ಬಂದ ಕೂಡಲೆ ಹುಡುಗನ ಕಣ್ಣು ಬೋರ್ಡಿನ ಕಡೆಗೆ ಹೋಗುತ್ತದೆ, ಬಸ್ಸು ಬಂತೆಂದು ಹೇಳಿ ಜಾಗ ಖಾಲಿ ಮಾಡುತ್ತಾನೆ. ಬಸ್ಸು ಬಂದಿರುವುದಿಲ್ಲ!

ಕೇಳುವವರಿಗೆ ಇದು ಮಾತಿಗೊಂದು ಮಾತು. ಮೂರನೇ ವರ್ಷದ ಬಿ.ಎ. ಹುಡುಗನಿಗೆ ಅದು ರಾತ್ರಿ ನಿದ್ದೆ ಕೆಡಿಸುವ ಮಾತು. ಚಹಾದಂಗಡಿಯವರು ಕೇಳುತ್ತಾರೆ, ಝೆರಾಕ್ಸ್ ಅಂಗಡಿಯವರು ಕೇಳುತ್ತಾರೆ, ಸೋದರಮಾವ ಮದುವೆ ಊಟದ ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತ ಕೇಳುತ್ತಾನೆ. ಕೇಳದೆ ಇರುವವಳು ತಾಯಿ ಒಬ್ಬಳೇ. ಅವಳು ಬುತ್ತಿ ಕಟ್ಟುತ್ತಾಳೆ.

ಬುತ್ತಿ ಬಂತು

ಈ ಬುತ್ತಿಯ ಸಂಗತಿ ಪೇಟೆಯವರಿಗೆ ಹೊಸದಲ್ಲ. ಆದರೂ ಬರೆದಿಡುವಂಥದು. ಹಳ್ಳಿಯಿಂದ ಬಂದು ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಮೂರು-ನಾಲ್ಕು ಮಂದಿ ಸೇರಿ ಒಂದು ಖೋಲಿ ಹಿಡಿದ ಹುಡುಗರಿಗೆ ಖಾನಾವಳಿಯ ಊಟ ದಿನಾಲು ಕಟ್ಟುವುದಿಲ್ಲ. ಹಾಸ್ಟೆಲ್ಲಿನ ಸೀಟು ಎಲ್ಲರಿಗೂ ಸಿಕ್ಕುವುದಿಲ್ಲ. ಹೀಗಾಗಿ ಮನೆಯಿಂದಲೇ ಬುತ್ತಿ. ನಸುಕಿನಲ್ಲಿ ಎದ್ದ ತಾಯಿ ಜೋಳದ ರೊಟ್ಟಿ ಬಡಿದು, ಒಂದು ಪಲ್ಯ, ಒಂದಿಷ್ಟು ಶೇಂಗಾ ಹಿಂಡಿ, ಮೊಸರು ಇದ್ದರೆ ಮೊಸರು, ಎಲ್ಲವನ್ನೂ ಡಬ್ಬಿಗೆ ತುಂಬಿ ಅರಿವೆಯಲ್ಲಿ ಗಂಟು ಹಾಕುತ್ತಾಳೆ. ತಂದೆ ಅದನ್ನು ಊರಿಗೆ ಬರುವ ಮೊದಲ ಬಸ್ಸಿಗೆ ಕೊಟ್ಟು ಹೊಲಕ್ಕೆ ಹೋಗುತ್ತಾನೆ. ಡ್ರೈವರನ ಮಗ್ಗುಲು, ಎಂಜಿನ್ನಿನ ಬದಿಗೆ ಹತ್ತು-ಹದಿನೈದು ಬುತ್ತಿ ಸಾಲಾಗಿ ಕೂತು ಪ್ರಯಾಣ ಮಾಡುತ್ತವೆ. ಅವಕ್ಕೆ ಟಿಕೀಟಿಲ್ಲ, ಪಾವತಿಯಿಲ್ಲ, ಲೆಕ್ಕವಿಲ್ಲ.

ಸ್ಟ್ಯಾಂಡಿನಲ್ಲಿ ಹುಡುಗರು ಕಾಯುತ್ತಾರೆ. ಯಾರ ಡಬ್ಬಿ ಯಾವುದೆಂದು ಅರಿವೆಯ ಬಣ್ಣದಿಂದಲೇ ಗುರುತು. ತಾಯಿಯ ಹಳೆ ಸೀರೆಯ ಸೆರಗಿನ ತುಂಡು ಒಬ್ಬನದಾದರೆ, ಅಪ್ಪನ ಹರಿದ ಟವೆಲು ಇನ್ನೊಬ್ಬನದು. ಸಂಜೆ ಅದೇ ಬಸ್ಸಿಗೆ ತೊಳೆದ ಖಾಲಿ ಡಬ್ಬಿ ವಾಪಸು. ಬಸ್ಸು ಕೆಟ್ಟು ನಿಂತ ದಿನ ಖೋಲಿಯಲ್ಲಿ ಉಪವಾಸ, ಇಲ್ಲವೇ ಚುರುಮುರಿ-ಮಿರ್ಚಿ ಭಜಿಯಲ್ಲಿ ಹೊಟ್ಟೆ ಹೊಂದಿಸುವುದು. ಡಬ್ಬಿಯ ಸಂದಿಯಲ್ಲಿ ನೂರರ ಒಂದು ನೋಟು ಮಡಿಚಿ ಇಡುವ ಕಾಲವೊಂದಿತ್ತು. ಈಗ ರೊಕ್ಕ ಫೋನಿನಲ್ಲಿ ಬರುತ್ತದೆ. ರೊಟ್ಟಿ ಫೋನಿನಲ್ಲಿ ಬರುವುದಿಲ್ಲ, ಆದ್ದರಿಂದ ಬುತ್ತಿಯ ಬಸ್ಸು ಇನ್ನೂ ನಡೆದಿದೆ.

ಖೋಲಿಯಲ್ಲಿ ಬುತ್ತಿ ಬಿಚ್ಚಿದಾಗ ನನ್ನದು ನಿನ್ನದು ಎಂಬುದಿಲ್ಲ. ಹುನಗುಂದ ಕಡೆಯವನ ಹಿಂಡಿ, ಬಾದಾಮಿ ಕಡೆಯವನ ಪುಂಡಿಪಲ್ಯ, ಎಲ್ಲ ಒಂದೇ ಪೇಪರಿನ ಮೇಲೆ. ಆ ಪೇಪರು ಹೆಚ್ಚಾಗಿ ನೌಕರಿ ಜಾಹೀರಾತಿನ ಪುಟವೇ ಆಗಿರುತ್ತದೆ. ಓದಿ ಮುಗಿದದ್ದು, ಇಲ್ಲವೇ ಕೊನೆಯ ತಾರೀಖು ದಾಟಿದ್ದು.

ಪಾಸು ಮತ್ತು ಸೊನ್ನೆ ಟಿಕೀಟು

ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಈ ಭಾಗದ ಬಸ್ಸು ಎಂದರೆ ಕಾಲೇಜಿನ ಬಸ್ಸು ಎಂದೇ ಅರ್ಥ. ಇಳಕಲ್ಲಿನಿಂದ ಹುನಗುಂದ, ಅಮೀನಗಡ, ಕಮತಗಿ ಮಾರ್ಗವಾಗಿ ಬಾಗಲಕೋಟೆಗೆ ಬರುವ ಬಸ್ಸಿನಲ್ಲಿ ಅಮೀನಗಡ ದಾಟಿದ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಬಾದಾಮಿಯವರ ಪುಣ್ಯ, ಅವರಿಗೆ ರೈಲಾದರೂ ಇದೆ. ಗುಳೇದಗುಡ್ಡ ರೋಡ್ ಸ್ಟೇಷನ್ ದಾಟಿದರೆ ಬಾಗಲಕೋಟೆ. ಹುನಗುಂದ-ಇಳಕಲ್ಲಿನವರಿಗೆ ಆ ಭಾಗ್ಯವೂ ಇಲ್ಲ. ನೆರೆಯ ಕುಷ್ಟಗಿಗೆ 2025ರಲ್ಲಿ ರೈಲು ಬಂತು, ಇಳಕಲ್ಲಿನವರು ಅಲ್ಲಿಗೆ ಹೋಗಿ ನೋಡಿಕೊಂಡು ಬಂದರು!

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸೊನ್ನೆ ಟಿಕೀಟು. ಹುಡುಗರಿಗೆ ಹಣ ತುಂಬಿ ತೆಗೆಸುವ ಪಾಸು. ಇದರಿಂದ ಖೋಲಿಯ ಹುಡುಗರಲ್ಲಿ ಒಂದಿಷ್ಟು ಗೊಣಗಾಟ ಇದ್ದದ್ದೇ. ಆದರೆ ಒಂದು ಮಾತು ಸತ್ಯ. ಬಸ್ಸಿನ ರೊಕ್ಕ ಉಳಿದದ್ದರಿಂದ ಹಳ್ಳಿಯ ಎಷ್ಟೋ ಹುಡುಗಿಯರ ಕಾಲೇಜು ಉಳಿಯಿತು. “ಹತ್ತನೇ ಆತು, ಸಾಕು” ಎನ್ನುತ್ತಿದ್ದ ಅಪ್ಪಂದಿರ ಬಾಯಿಗೆ ಒಂದು ನೆವ ಕಡಿಮೆಯಾಯಿತು.

ಹುಡುಗಿಯರ ಕಥೆ ಬೇರೆ. ಅವರಿಗೂ “ಮುಂದ ಏನು” ಎಂಬ ಪ್ರಶ್ನೆ ಇದೆ, ಆದರೆ ಉತ್ತರವನ್ನು ಅವರು ಹೇಳುವ ಮೊದಲೇ ಬೇರೆಯವರು ಹೇಳಿ ಮುಗಿಸಿರುತ್ತಾರೆ. ಡಿಗ್ರಿ ಮುಗಿಯುವುದು ಜೂನ್-ಜುಲೈ, ವರ ನೋಡಲು ಬರುವುದು ದೀಪಾವಳಿ ಆಚೆ. ನಡುವಿನ ನಾಲ್ಕು ತಿಂಗಳಲ್ಲಿ ಏನಾದರೂ ಆಗಬೇಕು. ಬಿ.ಇಡಿ. ಸೀಟು ಸಿಕ್ಕಿದರೆ ಎರಡು ವರ್ಷ ಉಸಿರಾಡಲು ಸಮಯ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸಿಕ್ಕಿದರೆ ಅದೂ ಎರಡು ವರ್ಷ. 2003ರಲ್ಲಿ ಆ ವಿಶ್ವವಿದ್ಯಾಲಯ ಹುಟ್ಟಿದ್ದು ಈ ಭಾಗದ ಹುಡುಗಿಯರಿಗೆ ಎಷ್ಟು ದೊಡ್ಡ ಉಪಕಾರ ಎಂಬುದು ಅಲ್ಲಿ ಓದಿ ಬಂದು ಈಗ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುತ್ತಿರುವ ಅಕ್ಕೋರುಗಳನ್ನು ಕೇಳಿದರೆ ತಿಳಿಯುತ್ತದೆ.

ಸರ್ಟಿಫಿಕೇಟಿನ ಮೇಲೆ ಯಾವ ಊರು?

ಬಾಗಲಕೋಟೆ ವಿದ್ಯೆಗೆ ಬಡ ಊರಲ್ಲ. ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. ಅದರ ಎಂಜಿನಿಯರಿಂಗ್ ಕಾಲೇಜು 1963ರದು. 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೂ ಇಲ್ಲಿಗೇ ಬಂತು. ಇಳಕಲ್ಲ, ಹುನಗುಂದಗಳಲ್ಲಿ ವಿಜಯ ಮಹಾಂತೇಶ ವಿದ್ಯಾವರ್ಧಕ ಸಂಘದ ಕಾಲೇಜುಗಳುಂಟು, ತಾಲೂಕು ತಾಲೂಕಿಗೆ ಸರಕಾರಿ ಪದವಿ ಕಾಲೇಜು ಉಂಟು. ಓದಲು ಜಾಗಕ್ಕೆ ಬರವಿಲ್ಲ.

ಆದರೆ ಓದಿದ ಮೇಲೆ ಕೈಗೆ ಬರುವ ಕಾಗದದ ಮೇಲೆ ಯಾವ ಊರಿನ ಹೆಸರಿರುತ್ತದೆ? ಇದೊಂದು ಮಜಾ ಕಥೆ. ಅಜ್ಜನ ಕಾಲದಲ್ಲಿ ಈ ಭಾಗದವರು ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಗೆ ಕೂಡುತ್ತಿದ್ದರು. 1949ರಲ್ಲಿ ಮುಂಬಯಿಯಲ್ಲೇ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯ 1950ರಲ್ಲಿ ಧಾರವಾಡಕ್ಕೆ ಬಂತು, ಅಪ್ಪಂದಿರ ಸರ್ಟಿಫಿಕೇಟಿನ ಮೇಲೆ ಧಾರವಾಡ ಬಂತು. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು, ಅಣ್ಣಂದಿರದು ಬೆಳಗಾವಿ. 2023ರ ಮಾರ್ಚಿನಲ್ಲಿ ಏಳು ಹೊಸ ವಿಶ್ವವಿದ್ಯಾಲಯಗಳಿಗೆ ಒಮ್ಮೆಗೇ ಚಾಲನೆ ಸಿಕ್ಕಿತು. ಅದರಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಒಂದು, ಅದರ ಠಾಣ್ಯ ಜಮಖಂಡಿ. ತಮ್ಮನದು ಜಮಖಂಡಿ ಎಂದಾಯಿತು.

ವಿಶ್ವವಿದ್ಯಾಲಯ ತಲೆಮಾರಿನಿಂದ ತಲೆಮಾರಿಗೆ ಮನೆಗೆ ಹತ್ತಿರ ಬಂತು, ನೌಕರಿ ಮಾತ್ರ ಅಷ್ಟಷ್ಟೇ ದೂರ ಸರಿಯಿತು ಎಂದು ಬಸ್ಸಿನಲ್ಲಿ ಹಿರಿಯರು ನಗೆಯಾಡುತ್ತಾರೆ.

ನಗೆಯಾಡುವಂತಿಲ್ಲ. ಈ ಹೊಸ ವಿಶ್ವವಿದ್ಯಾಲಯ ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರುವರಿಯಲ್ಲಿ, ರಾಜ್ಯದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಮಾತು ಸಂಪುಟ ಉಪಸಮಿತಿಯಿಂದ ಹೊರಬಂತು. ಪಟ್ಟಿಯಲ್ಲಿ ಬಾಗಲಕೋಟೆಯ ಹೆಸರೂ ಇತ್ತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿ ಇಲ್ಲ ಎಂಬುದು ಕಾರಣ. ಕಾರಣ ಸುಳ್ಳೆಂದು ಯಾರೂ ಹೇಳುವುದಿಲ್ಲ. ಆದರೆ ಹಣ, ಜಾಗ, ಸಿಬ್ಬಂದಿ ಇಲ್ಲದೆಯೇ ವಿಶ್ವವಿದ್ಯಾಲಯ ಮಾಡಿದವರು ಹುಡುಗರಲ್ಲವಲ್ಲ!

ಅದರ ಮೇಲೆ ಇನ್ನೊಂದು. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಡಿಗ್ರಿ ಎಂದರು. 2024-25ರಿಂದ ಮತ್ತೆ ಮೂರೇ ವರ್ಷ ಎಂದರು. ಮೊದಲು ಸೇರಿದವನಿಗೆ ಒಂದು ಪುಸ್ತಕ, ಹಿಂದೆ ಬಂದ ತಮ್ಮನಿಗೆ ಮತ್ತೊಂದು. ಒಂದೇ ಮನೆಯ ಅಣ್ಣ-ತಮ್ಮಂದಿರ ನಡುವೆ ಹಳೆ ಪುಸ್ತಕ ಕೈ ಬದಲಾಯಿಸುವ ರೂಢಿ ನಿಂತಿತು. ಪುಸ್ತಕದಂಗಡಿಯವರಿಗೆ ಇದರಿಂದ ಲಾಭವಾಯಿತೆಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಹುಡುಗರು ನೋಟ್ಸು ಝೆರಾಕ್ಸ್ ಮಾಡಿಸಿಕೊಂಡರು.

ಒಂದು ಬೆಂಚು, ಎರಡು ಕಾಯ್ದೆ

ಇಳಕಲ್ಲಿನ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಇಬ್ಬರು ಕೂತಿರುತ್ತಾರೆ. ಒಬ್ಬ ಇಳಕಲ್ಲಿನವನು. ಇನ್ನೊಬ್ಬ ಪಕ್ಕದ ಕುಷ್ಟಗಿ ತಾಲೂಕಿನ ಹಳ್ಳಿಯವನು. ಒಂದೇ ಮೇಷ್ಟರು, ಒಂದೇ ಪಾಠ, ಒಂದೇ ಬಿಸಿಲು. ಮಳೆ ಇಬ್ಬರ ಹೊಲಕ್ಕೂ ಅಷ್ಟೇ ಕಡಿಮೆ. ಆದರೆ ನೌಕರಿಯ ಅರ್ಜಿ ತುಂಬುವಾಗ ಇಬ್ಬರೂ ಬೇರೆ ಬೇರೆ ರಾಜ್ಯದವರಂತೆ ಆಗಿಬಿಡುತ್ತಾರೆ.

ಕಾರಣ ಹಳೆಯದು. ಇಳಕಲ್ಲು ಬ್ರಿಟಿಷರ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಕುಷ್ಟಗಿ ನಿಜಾಮನ ಸೀಮೆ. ಗಡಿಕಲ್ಲು ಕಿತ್ತು ಎಷ್ಟೋ ವರ್ಷವಾಯಿತು, 1956ರಲ್ಲಿ ಎರಡೂ ಒಂದೇ ರಾಜ್ಯಕ್ಕೆ ಬಂದವು. ಹೈದರಾಬಾದ್ ಕರ್ನಾಟಕ ಹಿಂದುಳಿದಿದೆ ಎಂಬ ಕಾರಣಕ್ಕೆ ಸಂವಿಧಾನಕ್ಕೆ ತಿದ್ದುಪಡಿಯಾಗಿ 371ಜೆ ಕಲಂ ಬಂತು, 2013ರಿಂದ ಜಾರಿಯಾಯಿತು. ಆ ಭಾಗದ ಸರಕಾರಿ ಹುದ್ದೆಗಳಲ್ಲಿ ಎ ಮತ್ತು ಬಿ ದರ್ಜೆಯ ನೂರಕ್ಕೆ 75, ಸಿ ದರ್ಜೆಯ 80, ಡಿ ದರ್ಜೆಯ 85 ಅಲ್ಲಿನವರಿಗೇ. ಉಳಿದ ರಾಜ್ಯದಲ್ಲೂ ಅವರಿಗೆ ನೂರಕ್ಕೆ 8.

ಕುಷ್ಟಗಿಯವನಿಗೆ ಇದು ಸಿಕ್ಕಿದ್ದು ಅನ್ಯಾಯವೆಂದು ಇಳಕಲ್ಲಿನ ಹುಡುಗ ಹೇಳುವುದಿಲ್ಲ. ಆ ನೆಲ ಅನುಭವಿಸಿದ ಬಡತನ ಅವನಿಗೂ ಗೊತ್ತು. ಆದರೆ ಹುನಗುಂದ, ಬಾದಾಮಿ ತಾಲೂಕಿನ ಹಳ್ಳಿಗಳೇನು ಮೈಸೂರು ಸೀಮೆಯ ಹಳ್ಳಿಗಳೇ ಎಂಬುದು ಅವನ ಪ್ರಶ್ನೆ. ಅಜ್ಜ ಯಾರ ರಾಜ್ಯದಲ್ಲಿ ಕಂದಾಯ ಕಟ್ಟಿದ ಎಂಬುದರ ಮೇಲೆ ಮೊಮ್ಮಗನ ಕಟ್ ಆಫ್ ಮಾರ್ಕು ನಿಲ್ಲುತ್ತದೆ. ಇದನ್ನು ಆ ಇಬ್ಬರು ಗೆಳೆಯರು ಜಗಳವಾಡದೆ ಮಾತಾಡಿಕೊಳ್ಳುತ್ತಾರಲ್ಲ, ದೊಡ್ಡವರು ಅವರಿಂದ ಕಲಿಯಬೇಕು.

ಬಾಗಲಕೋಟೆಯ ಕಡೆಯವರ ಕೈಯಲ್ಲಿ ಇನ್ನೊಂದು ಬಗೆಯ ಕಾಗದ ಉಂಟು. ಅದು ಮುಳುಗಡೆಯ ಪ್ರಮಾಣಪತ್ರ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಹೋದವು, ಊರು ನವನಗರದ ಸೆಕ್ಟರುಗಳಾಗಿ ಎದ್ದು ನಿಂತಿತು. ಯೋಜನಾ ನಿರಾಶ್ರಿತರೆಂಬ ಹೆಸರಿನಲ್ಲಿ ನೌಕರಿಯಲ್ಲಿ ಒಂದಿಷ್ಟು ಮೀಸಲು. ಮನೆ ಮುಳುಗಿದವರ ಮಕ್ಕಳಿಗೆ ಮುಳುಗಿದ ಮನೆಯೇ ಒಂದು ಅರ್ಹತೆ!

ಮುಳುಗುವುದು ಇನ್ನೂ ಮುಗಿದಿಲ್ಲ. ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದ್ದು 2010ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನೀರಾವರಿ ಎಕರೆಗೆ 40 ಲಕ್ಷ, ಒಣ ಬೇಸಾಯದ ಎಕರೆಗೆ 30 ಲಕ್ಷ ಎಂದು ಪರಿಹಾರ ಗೊತ್ತುಮಾಡಿತು. ನದಿ ದಂಡೆಯ ಹಳ್ಳಿಯ ಹುಡುಗನಿಗೆ ಇದರಿಂದ ಒಂದು ವಿಚಿತ್ರ ಪರಿಸ್ಥಿತಿ. ನೌಕರಿ ಸಿಕ್ಕದಿದ್ದರೆ ಹೊಲ ಇದೆಯಲ್ಲ ಎಂದು ಬೇರೆ ಊರಿನ ಹುಡುಗ ಹೇಳಿಕೊಂಡಾನು. ಇವನಿಗೆ ಹಾಗೆ ಹೇಳಲು ಹೊಲ ಯಾವ ವರ್ಷದವರೆಗೆ ಇರುತ್ತದೋ ಗೊತ್ತಿಲ್ಲ. ಬೋರ್ ಹೊಡೆಸಬೇಕೆ, ಪೈಪ್ ಲೈನ್ ಎಳೆಸಬೇಕೆ, ಕಬ್ಬು ಹಚ್ಚಬೇಕೆ, ಯಾವುದಕ್ಕೂ ಅಪ್ಪ “ತಡೀ ನೋಡೋಣ” ಎನ್ನುತ್ತಾನೆ. ತಡೆದು ನೋಡುತ್ತಲೇ ಹದಿನೈದು ವರ್ಷ ಹೋಯಿತು. ಹುಡುಗ ಅಷ್ಟರಲ್ಲಿ ಅಂಗನವಾಡಿಯಿಂದ ಡಿಗ್ರಿಗೆ ಬಂದ.

ಪರೀಕ್ಷೆಯ ಮೇಲೆ ಪರೀಕ್ಷೆ

ಹಿಂದೆ ಡಿಗ್ರಿ ಎಂದರೆ ದಾರಿ ಕಾಣುತ್ತಿತ್ತು. ಕಾನೂನು ಓದಿದವರು ವಕೀಲರಾಗುತ್ತಿದ್ದರು. ಬಾದಾಮಿ ತಾಲೂಕಿನ ಕೆರೂರಿನಲ್ಲಿ ಹುಟ್ಟಿದ ಎಸ್. ಆರ್. ಕಂಠಿಯವರು ವಕೀಲಿಯಿಂದ ರಾಜಕಾರಣಕ್ಕೆ ಬಂದು 1962ರಲ್ಲಿ ಕೆಲವು ತಿಂಗಳು ಮುಖ್ಯಮಂತ್ರಿಯೇ ಆದರು. ಸಾಧಾರಣ ಮನೆಯವರಿಗೆ ಮಾಸ್ತರಿಕೆ ಇತ್ತು. ಟಿ.ಸಿ.ಎಚ್. ಮಾಡಿದರೆ ಶಾಲೆ ಮಾಸ್ತರ, ಮುಗಿಯಿತು. ಒಂದು ಕಾಲಕ್ಕೆ ಡಿ.ಇಡಿ. ಕಾಲೇಜುಗಳು ಓಣಿಗೊಂದು ಎದ್ದವು, ಆಮೇಲೆ ಹುಡುಗರಿಲ್ಲದೆ ಒಂದೊಂದೇ ಬಾಗಿಲು ಹಾಕಿದವು.

ಈಗಿನವನ ಮುಂದೆ ಇರುವುದು ಸ್ಪರ್ಧಾತ್ಮಕ ಪರೀಕ್ಷೆ ಎಂಬ ಒಂದೇ ಹೆಬ್ಬಾಗಿಲು. ಹಿಂದೆ ಪಿ.ಯು.ಸಿ. ಮಾರ್ಕಿನ ಮೇಲೆ ಆಗುತ್ತಿದ್ದ ಗ್ರಾಮ ಲೆಕ್ಕಿಗನ ಹುದ್ದೆಗೂ 2024ರಲ್ಲಿ ಪರೀಕ್ಷೆ ಬಂತು. ಹುದ್ದೆ ಇಡೀ ರಾಜ್ಯಕ್ಕೆ 1,000. ಪೊಲೀಸ್ ಆಗಬೇಕೆಂದವನು ನಸುಕಿನಲ್ಲಿ ಮೈದಾನಕ್ಕೆ ಓಡಬೇಕು. 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಬಾಗಲಕೋಟೆಯಲ್ಲೂ ಬಾದಾಮಿಯಲ್ಲೂ ಹಾಲಿನ ಗಾಡಿ ಬರುವ ಮೊದಲೇ ಎದ್ದು ಓಡುವ ಈ ಹುಡುಗರನ್ನು ಅಂಗಡಿ ಬಾಗಿಲು ತೆಗೆಯುವ ವ್ಯಾಪಾರಸ್ಥರು ದಿನಾ ನೋಡುತ್ತಾರೆ.

ಓಡಿದರೂ ಓದಿದರೂ ಮುಂದಿನದು ಅವರ ಕೈಯಲ್ಲಿಲ್ಲ. 545 ಪಿ.ಎಸ್.ಐ. ಹುದ್ದೆಗಳ ಪರೀಕ್ಷೆ 2021ರ ಅಕ್ಟೋಬರಿನಲ್ಲಿ ಆಯಿತು. ಅಕ್ರಮ ಬೆಳಕಿಗೆ ಬಂದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ನಡುವೆ ಎರಡು ವರ್ಷ ಮೂರು ತಿಂಗಳು. ತಪ್ಪು ಮಾಡಿದವರು ಜೈಲು ನೋಡಿದರು. ತಪ್ಪು ಮಾಡದೆ ಪಾಸಾದವರು ಏನು ನೋಡಿದರು? ಊರಲ್ಲಿ ಪೇಢೆ ಹಂಚಿ ಮುಗಿದಿತ್ತು, ಅದನ್ನು ವಾಪಸು ಕೇಳಲು ಬರುವುದಿಲ್ಲ.

ಕೆ.ಎ.ಎಸ್. ಕಥೆಯೂ ಅಷ್ಟೇ. 384 ಹುದ್ದೆಗೆ 2024ರ ಆಗಸ್ಟ್ 27ರಂದು ಪ್ರಿಲಿಮ್ಸ್ ಆಯಿತು. ಕನ್ನಡದ ಪ್ರಶ್ನೆಪತ್ರಿಕೆಯಲ್ಲಿ ಭಾಷಾಂತರ ಹೇಗಿತ್ತೆಂದರೆ ಕನ್ನಡದಲ್ಲಿ ಓದಿ ಬಂದವನಿಗೆ ಕನ್ನಡವೇ ತಿಳಿಯಲಿಲ್ಲ. ಡಿಸೆಂಬರ್ 29ರಂದು ಮರುಪರೀಕ್ಷೆ. ಅದರಲ್ಲೂ ತಪ್ಪುಗಳೆಂದು ಮತ್ತೆ ಗದ್ದಲ. ಇಂಗ್ಲಿಷ್ ಮಾಧ್ಯಮದವನಿಗೆ ಈ ತಾಪತ್ರಯವಿಲ್ಲ. ಹುನಗುಂದದ ಹಳ್ಳಿ ಶಾಲೆಯಲ್ಲಿ ಕಲಿತವನು ತನ್ನ ಭಾಷೆಯ ಕಾರಣಕ್ಕೇ ಸೋಲುವುದಾದರೆ ರಾಜ್ಯೋತ್ಸವದ ಮೆರವಣಿಗೆಗೆ ಡೊಳ್ಳು ಯಾಕೆ?

2024ರ ಅಕ್ಟೋಬರ್ ಕೊನೆಗೆ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ಗೊತ್ತಾಗುವವರೆಗೆ ಹೊಸ ನೇಮಕಾತಿ ಪ್ರಕಟಣೆ ಬೇಡವೆಂದು ತಡೆ ಬಂತು. ಒಳಮೀಸಲಾತಿ ದಶಕಗಳ ಬೇಡಿಕೆ, ಆಗಬೇಕಾದ ಕೆಲಸವೇ. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿತು, ಅದೇ ತಿಂಗಳು ಸಂಪುಟ ತೀರ್ಮಾನ ಮಾಡಿತು. ಅಷ್ಟರಲ್ಲಿ ಓದುವ ಹುಡುಗರ ಹತ್ತು ತಿಂಗಳು ಕ್ಯಾಲೆಂಡರಿನಿಂದ ಹೋಗಿತ್ತು. 2025ರ ಸೆಪ್ಟೆಂಬರಿನಲ್ಲಿ ಧಾರವಾಡದ ಬೀದಿಗೆ ಸಾವಿರಾರು ತರುಣ-ತರುಣಿಯರು ಇಳಿದದ್ದು ಇದೇ ಸಂಕಟಕ್ಕೆ.

ಧಾರವಾಡದ ಸಪ್ತಾಪುರ ಎಂದರೆ ಈ ಹುಡುಗರಿಗೆ ಕಾಶಿ. ಡಿಗ್ರಿ ಮುಗಿಸಿದವರಲ್ಲಿ ರೊಕ್ಕ ಹೊಂದಿಸಲು ಬಂದವರೆಲ್ಲ ಅಲ್ಲಿಗೆ ಹೋಗುತ್ತಾರೆ. ಕೋಚಿಂಗಿಗೆ ಒಂದು ಫೀ, ಲೈಬ್ರರಿಯ ಕುರ್ಚಿಗೆ ತಿಂಗಳ ಬಾಡಿಗೆ, ಖೋಲಿಗೆ ಬಾಡಿಗೆ, ಊಟ ಬೇರೆ. ಹೌದು, ಕುರ್ಚಿಗೂ ಬಾಡಿಗೆ. ಒಂದು ವರ್ಷವೆಂದು ಹೋದವನು ಮೂರು ವರ್ಷ, ನಾಲ್ಕು ವರ್ಷ ಅಲ್ಲೇ ಉಳಿಯುತ್ತಾನೆ. ಮರಳಿ ಊರಿಗೆ ಬರಲು ಮುಖವಿಲ್ಲ. ಬಂದರೆ ಬಸ್ ಸ್ಟ್ಯಾಂಡಿನಲ್ಲಿ ಅದೇ ಪ್ರಶ್ನೆ ಕಾದಿದೆ, ಈಗ ಅದರ ಧಾಟಿಯೂ ಬದಲಾಗಿದೆ: “ಇನ್ನೂ ಓದಾಕತ್ತೀಯೇನು?”

ಸರಕಾರ ಯುವನಿಧಿ ಎಂದು ಒಂದು ಯೋಜನೆ ಮಾಡಿತು. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಶುರುವಾಯಿತು. ಪಾಸಾಗಿ ಆರು ತಿಂಗಳು ಕೆಲಸ ಸಿಗದ ಪದವೀಧರನಿಗೆ ತಿಂಗಳಿಗೆ 3,000, ಡಿಪ್ಲೊಮಾದವನಿಗೆ 1,500, ಅದೂ ಹೆಚ್ಚೆಂದರೆ ಎರಡು ವರ್ಷ. ಮುಂದೆ ಓದಲು ಸೇರಿದರೆ ಇಲ್ಲ. ಬಂದ ದುಡ್ಡಿಗೆ ಬೇಡ ಎನ್ನುವವರು ಯಾರು? ಆದರೆ “ನಾನು ಇನ್ನೂ ನಿರುದ್ಯೋಗಿ” ಎಂದು ಆಗಾಗ ಒಪ್ಪಿಕೊಂಡು ಬರೆದುಕೊಡುವುದು ಬಿ.ಎ. ಮಾಡಿದವನಿಗೆ ಅಷ್ಟು ಸುಲಭದ ಸಹಿಯಲ್ಲ.

ಮಗ್ಗದ ಮನೆ

ಇಳಕಲ್ಲಿನಲ್ಲಿ ಸಮಸ್ಯೆಗೆ ಇನ್ನೊಂದು ಮುಖ. ಅಲ್ಲಿ ಮನೆಯಲ್ಲೇ ಕೆಲಸ ಉಂಟು, ಹುಡುಗನಿಗೆ ಅದು ಬೇಡ.

ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಬೇಕು. ಟೋಪ್ ತೆನಿ ಸೆರಗು ಎನ್ನುತ್ತಾರಲ್ಲ, ಅದು. ಒಂದೊಂದು ಸೀರೆಗೂ ಹಾಸು ಬೇರೆ, ಕೊಂಡಿ ಬೇರೆ, ಗಡಿಬಿಡಿ ನಡೆಯದು. ಸೀರೆಗೆ ಭೌಗೋಳಿಕ ಗುರುತಿನ ಮುದ್ರೆಯೂ ಸಿಕ್ಕಿದೆ. ದೇಶ ತಿರುಗಿದರೂ ಎದೆ ತಟ್ಟಿ ಹೇಳಬಹುದಾದ ವಿದ್ಯೆ. ಆದರೆ ಪವರ್‌ಲೂಮಿನ ಅಗ್ಗದ ಸೀರೆ ಅದೇ ಹೆಸರಿನಲ್ಲಿ ಪೇಟೆಗೆ ಬಂದ ಮೇಲೆ ಕೈಮಗ್ಗದವನ ಕೂಲಿ ಏರುವುದನ್ನೇ ಮರೆತಿದೆ.

ನೇಕಾರನ ಮನೆಯ ಕಾಲೇಜು ಹುಡುಗ ಬೆಳಿಗ್ಗೆ ಒಂದು ತಾಸು ಕಂಡಿಕೆ ಸುತ್ತಿ, ಕೊಂಡಿ ಹಾಕುವಾಗ ಅಪ್ಪನಿಗೆ ಕೈ ಕೊಟ್ಟು, ಸ್ನಾನ ಮಾಡಿ ಕಾಲೇಜಿಗೆ ಹೋಗುತ್ತಾನೆ. ಮಗ ಮಗ್ಗಕ್ಕೆ ಕೂಡುವುದು ತಂದೆಗೂ ಬೇಡ. “ನನ್ನ ಬೆನ್ನು ಹ್ವಾದಂಗ ಅವನ ಬೆನ್ನು ಹೋಗಬಾರದ್ರೀ” ಎಂಬುದು ಇಳಕಲ್ಲಿನ, ಗುಳೇದಗುಡ್ಡದ ಯಾವುದೇ ಮಗ್ಗದ ಮನೆಯಲ್ಲಿ ಕೇಳಿಬರುವ ಮಾತು. ಗುಳೇದಗುಡ್ಡದ ಖಣಕ್ಕೂ ಇದೇ ಗತಿ. ತಂದೆ ಬಿಡಿಸಲು ನೋಡುತ್ತಾನೆ, ಮಗ ಬಿಡಲು ನೋಡುತ್ತಾನೆ, ಬಿಟ್ಟು ಹೋಗಬೇಕಾದ ಜಾಗ ಮಾತ್ರ ಕಾಣುವುದಿಲ್ಲ. ಆದ್ದರಿಂದ ಬಿ.ಕಾಂ. ಮುಗಿಸಿದವನು ಗ್ರಾನೈಟ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾನೆ, ಇಲ್ಲವೇ ಯಾವುದೋ ಸೀರೆ ಅಂಗಡಿಯ ಗಾದಿಯ ಮೇಲೆ ಕೂತು ತನ್ನ ಅಪ್ಪನೇ ನೇಯ್ದ ಸೀರೆಯನ್ನು ಗಿರಾಕಿಗೆ ಬಿಚ್ಚಿ ತೋರಿಸುತ್ತಾನೆ.

ಕೆಲವರು ಫೋನಿನಲ್ಲಿ ಚಿತ್ರ ತೆಗೆದು ನೇರ ಗಿರಾಕಿಗೆ ಕಳಿಸಿ ಮಾರುವುದನ್ನೂ ಕಲಿತಿದ್ದಾರೆ. ದಲಾಲಿ ಉಳಿಯುತ್ತದೆ. ಇದರಲ್ಲಿ ಒಂದು ದಾರಿ ಇದ್ದೀತು. ಕಾಲೇಜಿನಲ್ಲಿ ವಾಣಿಜ್ಯ ಓದುವವನಿಗೆ ಮನೆಯ ಮಗ್ಗದ ಲೆಕ್ಕವನ್ನೇ ಪಾಠವಾಗಿ ಹೇಳಿಕೊಡುವ ಮೇಷ್ಟರು ಸಿಕ್ಕಿದ್ದರೆ ಆ ದಾರಿ ಇನ್ನೂ ಬೇಗ ಕಂಡೀತು.

ಬಾದಾಮಿಯ ಹುಡುಗ

ಬಾದಾಮಿಯ ಬಿ.ಎ. ಹುಡುಗ ಇತಿಹಾಸ ಓದುತ್ತಾನೆ. ಮೂರನೇ ಗುಹೆಯಲ್ಲಿ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನ ಅವನ ಮನೆಯಿಂದ ನಡೆದು ಹೋಗುವ ದೂರದಲ್ಲಿದೆ. ಆದರೆ ಅವನು ಅದನ್ನು ಓದುವುದು ಹತ್ತು ಮಾರ್ಕಿನ ನೋಟ್ಸಿನಲ್ಲಿ. ದೂರದ ಊರಿನವರು ರೊಕ್ಕ ಖರ್ಚು ಮಾಡಿ ಬಂದು ನೋಡುವುದನ್ನು ಇವನು ಕೋಣೆಯಲ್ಲಿ ಕೂತು ಬಾಯಿಪಾಠ ಮಾಡುತ್ತಾನೆ. 1987ರಲ್ಲಿ ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆದರೂ ಇಂಗ್ಲಿಷ್, ಹಿಂದಿ ನಾಲಗೆಗೆ ಬಂದು ಗೈಡ್ ಆದವರು ಕೈಬೆರಳಲ್ಲಿ ಎಣಿಸುವಷ್ಟು. ಉಳಿದವರಿಗಿಂತ ಬಾದಾಮಿಯ ಮಂಗಗಳಿಗೇ ಪ್ರವಾಸಿಗರಿಂದ ಹೆಚ್ಚು ಆದಾಯ!

ಜನವರಿಯಲ್ಲಿ ಬನಶಂಕರಿ ಜಾತ್ರೆ. ನಾಟಕ ಕಂಪನಿಗಳು ತಿಂಗಳುಗಟ್ಟಲೆ ಡೇರೆ ಹಾಕುತ್ತವೆ. ಸೆಮಿಸ್ಟರ್ ಪರೀಕ್ಷೆ ಆ ಹೊತ್ತಿಗೇ ಬಂದರೆ ಹಾಜರಿ ಎಲ್ಲಿ ಹೆಚ್ಚು ಎಂದು ಕೇಳಬೇಡಿ. ರಾತ್ರಿ ನಾಟಕ ನೋಡಿ, ನಸುಕಿಗೆ ಬಸ್ಸು ಹಿಡಿದು, ಒಂಬತ್ತಕ್ಕೆ ಕಾಲೇಜಿನ ಬೆಂಚಿನ ಮೇಲೆ ತೂಕಡಿಸುವುದು ಈ ಭಾಗದ ವಿದ್ಯಾಭ್ಯಾಸದ ಒಂದು ಭಾಗವೇ ಸೈ. ಇಷ್ಟಾದರೂ ನಗು ಬೇಕಲ್ಲ.

ಹುನಗುಂದ ತಾಲೂಕಿನವರಿಗೆ ಕೂಡಲಸಂಗಮದ ನೆನಪು ಇದ್ದೇ ಇರುತ್ತದೆ. ಮನೆ ಬಿಟ್ಟು ಓದಲು ಬಂದ ಹುಡುಗ ಎಂದರೆ ಬಸವಣ್ಣನೇ. ಕೃಷ್ಣೆ ಮಲಪ್ರಭೆ ಕೂಡುವಲ್ಲಿ ಓದು ಮುಗಿಸಿ ಮಂಗಳವೇಢೆಗೆ ಹೋಗಿ ಕರಣಿಕನಾಗಿ ಕೆಲಸಕ್ಕೆ ಸೇರಿದನೆಂದು ಹೇಳುತ್ತಾರೆ. ಅದೂ ಸರಕಾರಿ ನೌಕರಿಯೇ. ಇದನ್ನು ತಮಾಷೆಗೆ ಹೇಳಿದರೆ ಹುಡುಗರು ಕೇಳುತ್ತಾರೆ, “ಅಂವಗ ಕಟ್ ಆಫ್ ಎಷ್ಟಿತ್ರೀ?”

ಪೇಟೆಯವರಿಗೆ ಒಂದು ಮಾತು

ಈ ಹುಡುಗರು ಪೇಟೆಯ ಗಿರಾಕಿಗಳು. ಚಹಾ, ಭಜಿ, ರಿಚಾರ್ಜು, ಝೆರಾಕ್ಸು, ಕ್ಷೌರ, ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬುವ ಖರ್ಚು, ಎಲ್ಲ ಅವರಿಂದಲೇ. ಉದ್ರಿ ಬರೆದುಕೊಳ್ಳುವ ಅಂಗಡಿಯವರೂ ಇದ್ದಾರೆ, ತಿಂಗಳ ಕೊನೆಗೆ ನೆನಪಿಸದೆ ಸುಮ್ಮನಿರುವವರೂ ಇದ್ದಾರೆ. ಅರ್ಜಿಯ ಕೊನೆಯ ದಿನ ಸರ್ವರ್ ಕೈಕೊಟ್ಟಾಗ ರಾತ್ರಿ ಹನ್ನೆರಡರವರೆಗೆ ಬಾಗಿಲು ತೆಗೆದಿಟ್ಟ ಸೈಬರ್ ಅಂಗಡಿಯವನನ್ನು ಆ ಹುಡುಗರು ನೌಕರಿ ಸಿಕ್ಕ ಮೇಲೆಯೂ ನೆನೆಯುತ್ತಾರೆ.

ಅಂಗಡಿಗಳಲ್ಲಿ ಸಂಜೆ ಮೂರು-ನಾಲ್ಕು ತಾಸಿನ ಕೆಲಸಕ್ಕೆ ಕಾಲೇಜು ಹುಡುಗರನ್ನು ಇಟ್ಟುಕೊಳ್ಳುವ ರೂಢಿ ಬಾಗಲಕೋಟೆಯಲ್ಲಿ ಇನ್ನೂ ಗಟ್ಟಿಯಾಗಿಲ್ಲ. “ಕಲಿಯೋ ಹುಡುಗ್ರು ನಿಲ್ಲಂಗಿಲ್ರೀ” ಎಂಬ ದೂರು ಸುಳ್ಳಲ್ಲ, ಪರೀಕ್ಷೆ ಬಂದಾಗ ಅವರು ಬಿಟ್ಟು ಹೋಗುವುದುಂಟು. ಆದರೆ ಲೆಕ್ಕ ತಿಳಿದ, ಫೋನಿನ ವ್ಯವಹಾರ ಬಲ್ಲ, ನಾಲ್ಕು ಊರಿನ ಮಾತು ಗೊತ್ತಿರುವ ಹುಡುಗ ಸಂಜೆಯ ಗಿರಾಕಿಯ ಹೊತ್ತಿಗೆ ಸಿಕ್ಕರೆ ವ್ಯಾಪಾರಕ್ಕೆ ನಷ್ಟವಾಗಲಿಕ್ಕಿಲ್ಲ. ಖೋಲಿಯ ಬಾಡಿಗೆ ಅವನಿಗೆ ಅಪ್ಪನ ಕೈ ನೋಡದೆ ದಾಟುತ್ತದೆ.

ಇನ್ನೊಂದು ಸಂಗತಿ ಬಸ್ಸಿನವರದು. ಪರೀಕ್ಷೆಗಳು ಹೆಚ್ಚಾಗಿ ರವಿವಾರ. ಕೇಂದ್ರ ಬಾಗಲಕೋಟೆಯೋ, ವಿಜಯಪುರವೋ, ಧಾರವಾಡವೋ. ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆ ಎಂದರೆ ಎಂಟೂವರೆಗೆ ಗೇಟಿನಲ್ಲಿ ತಪಾಸಣೆ. ತುಂಬುತೋಳಿನ ಅಂಗಿ ಬೇಡ, ಬೂಟು ಬೇಡ, ತಾಳಿ-ಕಾಲುಂಗುರ ಬಿಟ್ಟರೆ ಬೇರೆ ಒಡವೆ ಬೇಡ ಎಂದು ನೂರೆಂಟು ನಿಯಮ. ತಡವಾಗಿ ಬಂದವರಿಗೆ ಗೇಟು ಮುಚ್ಚುತ್ತದೆ, ಬಸ್ಸು ಇರಲಿಲ್ಲ ಎಂಬ ಕಾರಣ ನಡೆಯುವುದಿಲ್ಲ. ಇಳಕಲ್ಲಿನ ಆಚೆಯ ಹಳ್ಳಿಯ ಹುಡುಗಿ ಹಿಂದಿನ ದಿನವೇ ಹೊರಟು ಯಾರದೋ ಸಂಬಂಧಿಕರ ಮನೆಯ ಪಡಸಾಲೆಯಲ್ಲಿ ಮಲಗಬೇಕಾಗುತ್ತದೆ. ಸಂಬಂಧಿಕರಿಲ್ಲದವಳು ತಂದೆಯನ್ನು ಕರೆದುಕೊಂಡು ಸ್ಟ್ಯಾಂಡಿನ ಬೆಂಚಿನ ಮೇಲೆ ರಾತ್ರಿ ಕಳೆಯುತ್ತಾಳೆ.

ಹಾಲ್ ಟಿಕೀಟು ಹದಿನೈದು ದಿನ ಮೊದಲೇ ಬರುತ್ತದೆ, ಪರೀಕ್ಷೆಯ ತಾರೀಖು ಎಲ್ಲರಿಗೂ ಗೊತ್ತಿರುತ್ತದೆ. ಅಂಥ ರವಿವಾರ ನಸುಕಿನ ನಾಲ್ಕೂವರೆ-ಐದಕ್ಕೆ ಇಳಕಲ್ಲಿನಿಂದ ಒಂದು, ಹುನಗುಂದದಿಂದ ಒಂದು, ಬಾದಾಮಿಯಿಂದ ಒಂದು ಹೆಚ್ಚಿನ ಬಸ್ಸು ಬಿಡುವುದು ಡಿಪೋಗಳಿಗೆ ಆಗದ ಕೆಲಸವಲ್ಲ. ಜಾತ್ರೆಗೆ ಬಿಡುತ್ತಾರೆ, ಸಭೆ-ಸಮಾವೇಶಕ್ಕೆ ಬಿಡುತ್ತಾರೆ. ಸಾರಿಗೆ ಅಧಿಕಾರಿಗಳು ಇತ್ತ ಲಕ್ಷ್ಯ ಹಾಕುವರೇ?